ಡ್ರೈಯರ್ ತಿರುಗ್ತಿಲ್ವಾ? ಮೋಟರ್‌ನ ಕೊನೆಗೆ ಅನುಮಾನಿಸಿ

ಮಳೆಗಾಲ ಬಂತು ಅಂದ್ರೆ ಹಾಸ್ಟೆಲ್‌ನಲ್ಲೂ ಪಿಜಿಯಲ್ಲೂ ಒಂದು ಮಾತು ತಪ್ಪದೇ ಕೇಳುತ್ತೆ: "ಡ್ರೈಯರ್ ತಿರುಗ್ತಿಲ್ಲ ಕಣೋ." ಅದರ ಹಿಂದೆಯೇ ಇನ್ನೊಂದು ಬರುತ್ತೆ: "ಮೋಟರ್ ಸುಟ್ಟಿರ್ಬೇಕು, ಹೊಸ ಮೆಷಿನ್ ತರಿಸ್ಬೇಕು." ಯಾರೂ ಹಿಂದಿನ ಮುಚ್ಚಳ ಬಿಚ್ಚಿ ನೋಡಿರಲ್ಲ. ನಾವೆಲ್ಲ ಎಂಜಿನಿಯರಿಂಗ್ ಓದ್ತಿರೋರು ಬೇರೆ!

ರಜೆಯಲ್ಲಿ ನಮ್ಮೂರಿನ ರಿಪೇರಿ ಅಂಗಡಿಯಲ್ಲಿ ಕೂತು ಇಂಥ ಎಷ್ಟೋ ಮೆಷಿನ್‌ಗಳನ್ನ ಬಿಚ್ಚೋದು ನೋಡಿದ್ದೀನಿ, ಕೆಲವಕ್ಕೆ ನಾನೂ ಕೈ ಹಾಕಿದ್ದೀನಿ. ಅಲ್ಲಿ ಕಂಡದ್ದನ್ನ, ನಮ್ಮ ಮೆಷಿನ್ಸ್ ಪೇಪರಿನಲ್ಲಿ ಓದಿದ್ದನ್ನ ಸೇರಿಸಿ ಈ ಲೇಖನ ಬರೀತಿದ್ದೀನಿ. ಹೇಳೋಕೆ ಹೊರಟಿರೋದು ಒಂದೇ ವಿಷಯ. ಕರೆಂಟು ಮೋಟರ್ ತಲುಪೋ ಮುಂಚೆ ನಾಲ್ಕೈದು ಬಾಗಿಲು ದಾಟ್ಬೇಕು. ಯಾವುದೇ ಒಂದು ಬಾಗಿಲು ಮುಚ್ಚಿದ್ರೂ ಡ್ರೈಯರ್ ನಿಲ್ಲುತ್ತೆ. ಅಗ್ಗದ್ದು, ಹೊರಗಿರೋದು ಮೊದಲು. ದುಬಾರಿಯದ್ದು, ಒಳಗಿರೋದು ಕೊನೆಗೆ. ಈ ಕ್ರಮದಲ್ಲಿ ನೋಡುತ್ತಾ ಹೋದ್ರೆ ಮೋಟರ್ ತನಕ ಹೋಗೋ ಪ್ರಸಂಗವೇ ಅಪರೂಪ. ಸಿವಿಲ್‌ನವರಿಗೂ ಅರ್ಥ ಆಗೋ ಹಾಗೆ ಬರೆಯೋ ಪ್ರಯತ್ನ ಮಾಡಿದ್ದೀನಿ, ಬೇಜಾರಾಗ್ಬೇಡಿ.

1. ಮೊದಲು ಗುರುತಿಸೋಣ: ನಿಮ್ಮದು ಯಾವ ಡ್ರೈಯರ್?

"ಡ್ರೈಯರ್" ಅನ್ನೋ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಯಂತ್ರಗಳಿವೆ.

ಮೊದಲನೇದು, ನಮ್ಮಲ್ಲಿ ಸಾಮಾನ್ಯವಾಗಿ ಕಾಣೋದು: ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್‌ನ ಎರಡನೇ ಟಬ್. ಎಡಕ್ಕೋ ಬಲಕ್ಕೋ ಒಂದು ಸಣ್ಣ, ತೂತು ತೂತಿನ ಬುಟ್ಟಿ ಇರುತ್ತೆ. ಇದರಲ್ಲಿ ಬಿಸಿ ಅನ್ನೋದೇ ಇಲ್ಲ. ಬುಟ್ಟಿ ಜೋರಾಗಿ ತಿರುಗುತ್ತೆ, ನೀರು ತೂತಿನಿಂದ ಹೊರಗೆ ಸಿಡಿಯುತ್ತೆ, ಅಷ್ಟೇ. ಬಟ್ಟೆ ಪೂರ್ತಿ ಒಣಗಲ್ಲ, ಹಿಂಡಿದ ಹಾಗೆ ಆಗುತ್ತೆ. ಐಇಸಿ 60335 ಅನ್ನೋ ಸುರಕ್ಷತಾ ಮಾನದಂಡದಲ್ಲಿ ಹೀಗೆ ತಿರುಗಿಸಿ ನೀರು ತೆಗೆಯೋ ಯಂತ್ರಕ್ಕೆ "ಸ್ಪಿನ್ ಎಕ್ಸ್‌ಟ್ರ್ಯಾಕ್ಟರ್" ಅಂತ ಹೆಸರು, ಅದಕ್ಕೆ ಭಾಗ 2-4. ಅಂದ್ರೆ ಅವರ ಲೆಕ್ಕದಲ್ಲಿ ಇದು ಡ್ರೈಯರೇ ಅಲ್ಲ!

ಎರಡನೇದು, ಫುಲ್ಲಿ ಆಟೋಮ್ಯಾಟಿಕ್ ಮೆಷಿನ್. ಒಗೆಯೋದೂ ಹಿಂಡೋದೂ ಒಂದೇ ಟಬ್‌ನಲ್ಲಿ. ಇದರೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತೆ, ಇವತ್ತಿನ ಪಾಠಕ್ಕೆ ಇದು ಸೇರಲ್ಲ.

ಮೂರನೇದು ಟಂಬಲ್ ಡ್ರೈಯರ್. ದೊಡ್ಡ ಡ್ರಮ್ಮು ನಿಧಾನಕ್ಕೆ ಉರುಳುತ್ತೆ, ಬಿಸಿ ಗಾಳಿ ಒಳಗೆ ಹಾಯುತ್ತೆ, ಬಟ್ಟೆ ನಿಜವಾಗಿ ಒಣಗುತ್ತೆ. ಅಮೆರಿಕದಲ್ಲಿ ಎಂಎಸ್ ಓದೋಕೆ ಹೋಗಿರೋ ಸೀನಿಯರ್‌ಗಳು "ಡ್ರೈಯರ್" ಅಂದ್ರೆ ಇದು. ಮಾನದಂಡದಲ್ಲಿ ಇದಕ್ಕೆ ಭಾಗ 2-11. ಅಲ್ಲಿ ಎಲೆಕ್ಟ್ರಿಕ್ ಡ್ರೈಯರ್‌ಗೆ ಸಾಮಾನ್ಯವಾಗಿ 240 ವೋಲ್ಟ್, 30 ಆಂಪಿಯರ್‌ನ ಬೇರೆ ಲೈನ್ ಎಳೆದಿರ್ತಾರೆ. ಅದರ ರೋಗಗಳೇ ಬೇರೆ: ಹೀಟರ್ ಕಾಯಿಲ್ ತುಂಡಾಗೋದು, ಬೆಲ್ಟ್ ಹರಿಯೋದು, ಬಟ್ಟೆಯ ನೂಲಿನ ಧೂಳು ಗಾಳಿದಾರಿಯಲ್ಲಿ ತುಂಬಿ ಬೆಂಕಿ ಹಿಡಿಯೋದು. ಅಲ್ಲಿರೋ ಗೆಳೆಯರು ಆ ಫಿಲ್ಟರ್‌ನ ಪ್ರತಿ ಸಲ ಕ್ಲೀನ್ ಮಾಡಿದ್ರೆ ಸಾಕು.

ಇವತ್ತು ನಮ್ಮ ಪಾಠ ಮೊದಲನೇದರ ಮೇಲೆ, ಅಂದ್ರೆ ಸೆಮಿ ಆಟೋಮ್ಯಾಟಿಕ್‌ನ ಸ್ಪಿನ್ ಟಬ್.

2. ಐದು ನಿಮಿಷದಲ್ಲಿ ಏನಾಗುತ್ತೆ: ಸ್ವಲ್ಪ ಲೆಕ್ಕ

ಸ್ಪಿನ್ ಮೋಟರ್ ನಾಲ್ಕು ಪೋಲ್‌ನ ಸಿಂಗಲ್ ಫೇಸ್ ಇಂಡಕ್ಷನ್ ಮೋಟರ್ ಅಂತಿಟ್ಟುಕೊಳ್ಳಿ. 50 ಹರ್ಟ್ಸ್‌ಗೆ ಸಿಂಕ್ರೊನಸ್ ವೇಗ ನಿಮಿಷಕ್ಕೆ 1500 ಸುತ್ತು. ಸ್ಲಿಪ್ ಕಳೆದ್ರೆ ಸುಮಾರು 1350 ಸುತ್ತು, ಅಂದ್ರೆ ಸೆಕೆಂಡಿಗೆ ಇಪ್ಪತ್ತೆರಡೂವರೆ ಸುತ್ತು. ಬುಟ್ಟಿಯ ತ್ರಿಜ್ಯ 12 ಸೆಂಟಿಮೀಟರ್ ಅಂದ್ರೆ, ಗೋಡೆಗೆ ಅಂಟಿದ ಬಟ್ಟೆಯ ಮೇಲಿನ ವೇಗೋತ್ಕರ್ಷ ಗುರುತ್ವದ ಸುಮಾರು 245 ಪಟ್ಟು. ತ್ರಿಜ್ಯವನ್ನ ಕೋನೀಯ ವೇಗದ ವರ್ಗದಿಂದ ಗುಣಿಸಿದ್ರೆ ಇದು ಬರುತ್ತೆ, ನೀವೇ ಲೆಕ್ಕ ಹಾಕಿ ನೋಡಿ. ಎಷ್ಟೇ ಗಟ್ಟಿ ರಟ್ಟೆಯವರು ಹಿಂಡಿದ್ರೂ ಅಷ್ಟು ನೀರು ಹೋಗಲ್ಲ ಯಾಕೆ ಅಂತ ಇಲ್ಲೇ ಗೊತ್ತಾಗುತ್ತೆ.

ಇನ್ನೊಂದು ಲೆಕ್ಕ. ಒಂದು ಲೀಟರ್ ನೀರನ್ನ ಆವಿ ಮಾಡೋಕೆ ಸುಮಾರು 2.26 ಮೆಗಾಜೂಲ್ ಬೇಕು, ಅಂದ್ರೆ 0.63 ಯೂನಿಟ್ ಕರೆಂಟು. ಎರಡು ಲೀಟರ್‌ಗೆ ಸುಮಾರು ಒಂದೂಕಾಲು ಯೂನಿಟ್. ಸ್ಪಿನ್ ಮೋಟರ್ 150 ವ್ಯಾಟ್‌ನಂತೆ ಐದು ನಿಮಿಷ ಓಡಿದ್ರೆ ಖರ್ಚಾಗೋದು 0.0125 ಯೂನಿಟ್. ಅದು ಆ ಐದು ನಿಮಿಷದಲ್ಲಿ ಎರಡು ಲೀಟರ್ ನೀರು ಹೊರಗೆ ಹಾಕಿದ್ರೆ, ಬಿಸಿ ಮಾಡಿ ಒಣಗಿಸೋದಕ್ಕಿಂತ ನೂರು ಪಟ್ಟು ಉಳಿತಾಯ. ಮಲೆನಾಡಿನ ಮನೆಗಳಲ್ಲಿ ಜುಲೈ ತಿಂಗಳಲ್ಲಿ ಬಟ್ಟೆ ಒಣಗದೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕ್ತಾರಲ್ಲ, ಅಲ್ಲಿ ಈ ಸಣ್ಣ ಬುಟ್ಟಿ ಕೆಟ್ಟು ನಿಂತ್ರೆ ಏನು ಪಾಡು ಅಂತ ಮನೆಯವರನ್ನ ಕೇಳಿ.

3. ಒಳಗಿರೋ ಸಾಮಾನುಗಳು

ಹಿಂದಿನ ಕವರ್ ತೆಗೆದ್ರೆ ಎರಡು ಮೋಟರ್ ಕಾಣ್ಸುತ್ತೆ. ಬೆಲ್ಟ್ ಇರೋದು ಒಗೆಯೋ ಮೋಟರ್. ಇನ್ನೊಂದು ಬುಟ್ಟಿಯ ನೇರ ಕೆಳಗೆ, ಮೂರು ಸ್ಪ್ರಿಂಗ್‌ಗಳ ಮೇಲೆ ಕೂತಿರುತ್ತೆ. ಅದೇ ಸ್ಪಿನ್ ಮೋಟರ್. ಅದರ ಸುತ್ತ ಇರೋದನ್ನ ಕರೆಂಟು ಹರಿಯೋ ದಾರಿಯಲ್ಲೇ ನೋಡ್ತಾ ಹೋಗೋಣ.

ಪ್ಲಗ್ ಮತ್ತು ಮೇನ್ ವೈರ್: ಎರಡೂ ಮೋಟರ್‌ಗೆ ಇದು ಒಂದೇ.

ಸ್ಪಿನ್ ಟೈಮರ್: ಮೇಲೆ ನಾವು ತಿರುಗಿಸೋ ಐದು ನಿಮಿಷದ ಗುಂಡಿ. ಒಳಗೆ ಹಳೇ ಗಡಿಯಾರದ ಹಾಗೆ ಸ್ಪ್ರಿಂಗು, ಹಲ್ಲಿನ ಚಕ್ರ, ಜೊತೆಗೆ ಒಂದು ಸ್ವಿಚ್ಚು.

ಲಿಡ್ ಸ್ವಿಚ್: ಬುಟ್ಟಿಯ ಮುಚ್ಚಳದ ಹತ್ತಿರ, ಪ್ಯಾನೆಲ್ ಒಳಗೆ. ಮುಚ್ಚಳ ಹಾಕಿದಾಗ ಎರಡು ತೆಳ್ಳನೆ ಪಟ್ಟಿಗಳು ಕೂಡಿಕೊಳ್ಳುತ್ವೆ, ತೆಗೆದ್ರೆ ಬೇರೆ ಆಗ್ತವೆ.

ಥರ್ಮಲ್ ಫ್ಯೂಸ್: ಮೋಟರ್ ವೈಂಡಿಂಗ್ ಒಳಗೇ ಸೇರಿಸಿ ಕಟ್ಟಿರ್ತಾರೆ. ವೈಂಡಿಂಗ್ ವಿಪರೀತ ಬಿಸಿ ಆದ್ರೆ ಲೈನ್ ಕಡಿಯುತ್ತೆ.

ಇವೆಲ್ಲ ಸೀರೀಸ್‌ನಲ್ಲಿವೆ. ಹಳೇ ಕಾಲದ ದೀಪಾವಳಿ ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ, ಒಂದು ಹೋದ್ರೆ ಎಲ್ಲಾ ಹೋದ ಹಾಗೆ.

ಕೆಪಾಸಿಟರ್ ಮಾತ್ರ ಬೇರೆ ಕೆಲಸಕ್ಕೆ. ಸಿಂಗಲ್ ಫೇಸ್ ವೈಂಡಿಂಗ್ ಒಂದೇ ಇದ್ರೆ ಅದರ ಅಯಸ್ಕಾಂತ ಕ್ಷೇತ್ರ ತಿರುಗಲ್ಲ, ಇದ್ದಲ್ಲೇ ಹೆಚ್ಚು ಕಡಿಮೆ ಆಗ್ತಾ ಇರುತ್ತೆ. ಡಬಲ್ ರಿವಾಲ್ವಿಂಗ್ ಫೀಲ್ಡ್ ಥಿಯರಿ ಓದಿದವರಿಗೆ ಗೊತ್ತು: ಎರಡು ಕ್ಷೇತ್ರಗಳು ವಿರುದ್ಧ ದಿಕ್ಕಿಗೆ ಎಳೆದಾಡಿ, ಶುರುವಿನ ಟಾರ್ಕ್ ಸೊನ್ನೆ ಆಗುತ್ತೆ. ಅದಕ್ಕೇ ಎರಡನೇ ವೈಂಡಿಂಗ್ ಕೊಟ್ಟು, ಕೆಪಾಸಿಟರ್ ಮೂಲಕ ಅದರ ಕರೆಂಟನ್ನ 90 ಡಿಗ್ರಿ ಹತ್ತಿರ ಮುಂದೆ ತಳ್ತಾರೆ. ಆಗ ಕ್ಷೇತ್ರ ತಿರುಗುತ್ತೆ, ಮೋಟರೂ ತಿರುಗುತ್ತೆ. ಎಷ್ಟೋ ಮೆಷಿನ್‌ಗಳಲ್ಲಿ ಎರಡೂ ಮೋಟರ್‌ಗೆ ಸೇರಿ ಒಂದೇ ಡಬ್ಬಿಯ ಜೋಡಿ ಕೆಪಾಸಿಟರ್ ಇರುತ್ತೆ, ಮೂರು ವೈರ್ ಬಂದಿರುತ್ತೆ.

ಇನ್ನು ಬ್ರೇಕ್. ಮೋಟರ್ ಶಾಫ್ಟನ್ನ ಬುಟ್ಟಿಗೆ ಸೇರಿಸೋ ಕಪ್ಲಿಂಗ್ ಒಂದು ಸಣ್ಣ ಡ್ರಮ್ಮಿನ ಹಾಗೆ ಇರುತ್ತೆ. ಅದಕ್ಕೆ ಸ್ಪ್ರಿಂಗ್ ಬಲದಿಂದ ಬ್ರೇಕ್ ಪ್ಯಾಡ್ ಒತ್ತಿಕೊಂಡಿರುತ್ತೆ. ಮುಚ್ಚಳ ಹಾಕಿದಾಗ ಒಂದು ವೈರ್ ಮೇಲಕ್ಕೆ ಎಳೆದು ಪ್ಯಾಡ್ ಬಿಡಿಸುತ್ತೆ. ಇಲ್ಲಿ ಒಂದು ಚಂದದ ಡಿಸೈನ್ ಗಮನಿಸಿ. ವೈರ್ ತುಂಡಾದ್ರೆ ಬ್ರೇಕ್ ಬಿಡಲ್ಲ, ಬಿದ್ದೇ ಇರುತ್ತೆ. ಲಾರಿಯ ಏರ್ ಬ್ರೇಕ್‌ನಲ್ಲಿ ಗಾಳಿ ಪೂರ್ತಿ ಹೋದಾಗ ಪಾರ್ಕಿಂಗ್ ಬ್ರೇಕ್ ತಾನೇ ಬೀಳೋದೂ ಇದೇ ಲೆಕ್ಕ. ಕೆಟ್ಟಾಗ ಸುರಕ್ಷಿತ ಕಡೆಗೇ ಕೆಡಬೇಕು.

4. ಕೈ ಹಾಕೋ ಮುಂಚೆ

ಈ ಭಾಗ ಬಿಟ್ಟು ಮುಂದಕ್ಕೆ ಹೋಗ್ಬೇಡಿ, ಪ್ಲೀಸ್.

ಪ್ಲಗ್ಗನ್ನ ಸಾಕೆಟ್‌ನಿಂದ ತೆಗೆಯಿರಿ. ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು. ಹಳೇ ವೈರಿಂಗ್‌ನಲ್ಲಿ ಸ್ವಿಚ್ಚು ನ್ಯೂಟ್ರಲ್‌ಗೆ ಕೊಟ್ಟಿರೋದೂ ಉಂಟು. ಆಗ ಸ್ವಿಚ್ ಆಫ್ ಇದ್ರೂ ಮೆಷಿನ್ ತನಕ ಫೇಸ್ ಬಂದು ನಿಂತಿರುತ್ತೆ.

ತೆಗೆದ ಪ್ಲಗ್ ನಿಮ್ಮ ಕಣ್ಣೆದುರೇ ಇರಲಿ. ಹಾಸ್ಟೆಲ್‌ನಲ್ಲಿ ಬೇರೆ ಯಾರೋ ಬಂದು "ಓ ಪ್ಲಗ್ ಬಿದ್ದಿದೆ" ಅಂತ ಹಾಕ್ಬಿಡ್ತಾರೆ.

ನೀರೆಲ್ಲ ಡ್ರೈನ್ ಮಾಡಿ, ನೆಲ ಒರೆಸಿ, ಕಾಲಿಗೆ ಒಣ ಚಪ್ಪಲಿ ಹಾಕಿ.

ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. 230 ವೋಲ್ಟ್‌ನ ಶಿಖರ ಬೆಲೆ 325 ವೋಲ್ಟ್. 5 ಮೈಕ್ರೋಫ್ಯಾರಡ್‌ನಲ್ಲಿ ಅದು ಸುಮಾರು ಕಾಲು ಜೂಲ್. ಅಷ್ಟರ ಜುಮ್ಮಿಗೆ ಬೆಚ್ಚಿ ಕೈ ಎಳೆದುಕೊಂಡಾಗ ಒಳಗಿನ ತಗಡು ಕುಯ್ಯೋದೇ ಹೆಚ್ಚು. ಸ್ಕ್ರೂ ಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸೋದು ಸರಿಯಾದ ಕ್ರಮ ಅಲ್ಲ. 10 ಕಿಲೋ ಓಮ್‌ನ ದಪ್ಪ ರೆಸಿಸ್ಟರ್‌ನ ಕಾಲುಗಳಿಗೆ ಇನ್ಸುಲೇಷನ್ ಇರೋ ವೈರ್ ಕಟ್ಟಿ, ಕೆಪಾಸಿಟರ್‌ನ ಎರಡು ತುದಿಗೆ ಎರಡು ಸೆಕೆಂಡ್ ಹಿಡೀರಿ. ಟೈಮ್ ಕಾನ್‌ಸ್ಟಂಟ್ 0.05 ಸೆಕೆಂಡ್ ಆದ್ದರಿಂದ ಅಷ್ಟರಲ್ಲಿ ಪೂರ್ತಿ ಖಾಲಿ. ಜೋಡಿ ಕೆಪಾಸಿಟರ್ ಆದ್ರೆ ಎರಡು ಭಾಗಕ್ಕೂ ಬೇರೆ ಬೇರೆ ಮಾಡಿ.

ವಾರಂಟಿ ಇದ್ರೆ ಬಿಚ್ಚಲೇಬೇಡಿ, ಕಂಪನಿಯವರೇ ಬರಲಿ. ಹಾಸ್ಟೆಲ್ ಮೆಷಿನ್ ಆದ್ರೆ ವಾರ್ಡನ್ ಅವರನ್ನ ಕೇಳಿ. ಮೊದಲ ಸಲ ಮಾಡುವಾಗ ಗೊತ್ತಿರೋರು ಒಬ್ಬರು ಪಕ್ಕದಲ್ಲಿರಲಿ.

5. ಬಿಚ್ಚೋ ಮುಂಚೆ ಕೇಳಿಸಿಕೊಳ್ಳಿ

ಅಂಗಡಿಯ ಅಣ್ಣ ಯಾವ ಮೆಷಿನ್ ಬಂದ್ರೂ ಮೊದಲು ಸ್ಕ್ರೂ ಡ್ರೈವರ್ ಹಿಡೀತಿರಲಿಲ್ಲ. ಒಂದೇ ಸಲ ಆನ್ ಮಾಡಿ, ತಲೆ ಬಗ್ಗಿಸಿ ಕೇಳ್ತಿದ್ರು. ಕವರ್ ಎಲ್ಲ ಹಾಕಿರೋವಾಗಲೇ ನೀವೂ ಹಾಗೇ ಮಾಡಿ: ಬಟ್ಟೆ ಇಲ್ಲದೆ ಮುಚ್ಚಳ ಹಾಕಿ, ಟೈಮರ್ ತಿರುಗಿಸಿ, ನಾಲ್ಕೈದು ಸೆಕೆಂಡ್ ಕೇಳಿ, ಆಫ್ ಮಾಡಿ.

ಯಾವ ಸದ್ದೂ ಇಲ್ಲ: ಕರೆಂಟು ಮೋಟರ್ ತನಕ ಹೋಗ್ತಿಲ್ಲ. ಒಗೆಯೋ ಕಡೆ ಆನ್ ಮಾಡಿ ನೋಡಿ. ಅದು ಓಡಿದ್ರೆ ಪ್ಲಗ್, ಮೇನ್ ವೈರ್ ಸರಿ ಇದೆ. ಉಳಿದಿದ್ದು ಟೈಮರ್, ಲಿಡ್ ಸ್ವಿಚ್, ಥರ್ಮಲ್ ಫ್ಯೂಸ್, ಇಲ್ಲಾ ನಡುವಿನ ವೈರ್. ನಮ್ಮ ಕಡೆ ಇನ್ನೊಬ್ಬ ಆರೋಪಿ ಇದ್ದಾನೆ, ಇಲಿ. ಮೆಷಿನ್ ತಳ ತೆರೆದಿದ್ರೆ ಬೆಚ್ಚಗಿದೆ ಅಂತ ಒಳಗೆ ಸೇರಿ ವೈರ್ ಕಡಿದು ಹಾಕಿರುತ್ತೆ.

"ಗುಂಯ್" ಅನ್ನುತ್ತೆ, ತಿರುಗಲ್ಲ: ಕರೆಂಟು ಬರ್ತಿದೆ, ಶುರುವಾಗೋ ಶಕ್ತಿ ಇಲ್ಲ, ಅಥವಾ ಏನೋ ಹಿಡಿದುಕೊಂಡಿದೆ. ಕೆಪಾಸಿಟರ್, ಬ್ರೇಕ್, ಸಿಕ್ಕಿಹಾಕಿಕೊಂಡ ಕಾಲುಚೀಲ, ಈ ಮೂರನ್ನ ನೋಡಿ. ಹೆಚ್ಚು ಹೊತ್ತು ಗುಂಯ್‌ಗುಡಿಸ್ಬೇಡಿ, ವೈಂಡಿಂಗ್ ಸುಡೋದೇ ಆಗ.

ತಿರುಗುತ್ತೆ, ಆದ್ರೆ ನಿಧಾನ: ಸೊರಗಿದ ಕೆಪಾಸಿಟರ್, ಉಜ್ಜುತ್ತಿರೋ ಬ್ರೇಕ್, ಇಲ್ಲಾ ಕಡಿಮೆ ವೋಲ್ಟೇಜ್. ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಪಾತ. 230 ಇರಬೇಕಾದ ಕಡೆ 180 ಬಂದ್ರೆ ಟಾರ್ಕ್ ನೂರಕ್ಕೆ 61ಕ್ಕೆ ಇಳಿಯುತ್ತೆ. ಹಳ್ಳಿ ಮನೆಯಲ್ಲಿ ಸಂಜೆ ಹೊತ್ತು ತಿರುಗದ ಡ್ರೈಯರ್ ಬೆಳಿಗ್ಗೆ ಸಲೀಸಾಗಿ ತಿರುಗಿದ್ರೆ ಮೆಷಿನ್‌ನ ಬೈಬೇಡಿ.

ಚೆನ್ನಾಗಿ ತಿರುಗುತ್ತೆ, ಬಟ್ಟೆ ಮಾತ್ರ ಒದ್ದೆ: ಡ್ರೈನ್ ಪೈಪ್ ನೋಡಿ. ಪೈಪ್ ಎತ್ತರದಲ್ಲಿ ಸಿಕ್ಕಿಸಿದ್ರೆ ಅಥವಾ ಕಟ್ಟಿಕೊಂಡಿದ್ರೆ ನೀರು ಹೊರಗಿನ ಟಬ್‌ನಲ್ಲೇ ನಿಂತು ಬುಟ್ಟಿಗೆ ತಾಗುತ್ತೆ. ಇದಕ್ಕೆ ಸ್ಕ್ರೂ ಡ್ರೈವರೇ ಬೇಡ.

ಮೆಷಿನ್ ಕುಣಿಯುತ್ತೆ: ಮೊದಲು ಬಟ್ಟೆ ಸಮನಾಗಿ ಹಾಕಿ. ಒಂದು ಪಕ್ಕ 200 ಗ್ರಾಂ ಹೆಚ್ಚಾದ್ರೂ ಆ ವೇಗದಲ್ಲಿ ಅದು ಸುಮಾರು 480 ನ್ಯೂಟನ್ ಬಲದಿಂದ ಎಳೆಯುತ್ತೆ. ಅಂದ್ರೆ 49 ಕೆಜಿ ಭಾರ ಸೆಕೆಂಡಿಗೆ ಇಪ್ಪತ್ತೆರಡು ಸಲ ಸುತ್ತಲೂ ಜಗ್ಗಿದ ಹಾಗೆ. ಒದ್ದೆ ಜೀನ್ಸ್ ಒಂದನ್ನೇ ಹಾಕ್ಬೇಡಿ. ಸಮ ಮಾಡಿದ ಮೇಲೂ ಕುಣಿದ್ರೆ ಕೆಳಗಿನ ಸ್ಪ್ರಿಂಗ್ ಮುರಿದಿರಬಹುದು.

ಕೆಳಗೆ ನೀರು ಸೋರುತ್ತೆ, ಗರಗರ ಸದ್ದು: ರಬ್ಬರ್ ಸೀಲ್ ಹೋಗಿದೆ. ನೀರು ನೇರ ಮೋಟರ್ ಮೇಲೆ ಬೀಳೋದರಿಂದ ಅವತ್ತೇ ಬಳಸೋದು ನಿಲ್ಲಿಸಿ.

6. ಬಿಚ್ಚೋ ಕ್ರಮ

ಬೇಕಾಗಿದ್ದು: ಸ್ಟಾರ್ ಸ್ಕ್ರೂ ಡ್ರೈವರ್, 8 ಮತ್ತು 10ರ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಉದ್ದ ಮೂತಿಯ ಪ್ಲೇಯರ್, ಕೆಪಾಸಿಟನ್ಸ್ ಅಳೆಯೋ ಮಲ್ಟಿಮೀಟರ್, ಸ್ಕ್ರೂ ಹಾಕೋಕೆ ಒಂದು ಬಟ್ಟಲು.

ಮೊದಲು ಮೆಷಿನ್‌ನ ಗೋಡೆಯಿಂದ ದೂರ ಎಳೆದು ಹಿಂದಿನ ಕವರ್‌ನ ಸ್ಕ್ರೂಗಳನ್ನ ತೆಗೆಯಿರಿ. ಪ್ಲಾಸ್ಟಿಕ್ ಕೊಕ್ಕೆಗಳೂ ಇರ್ತವೆ, ಜೋರಾಗಿ ಎಳೆದ್ರೆ ಮುರಿಯುತ್ತೆ. ಕವರ್ ತೆಗೆದ ಕೂಡಲೇ ಏನನ್ನೂ ಮುಟ್ಟದೆ ಮೊಬೈಲ್‌ನಲ್ಲಿ ಫೋಟೋ ತೆಗೀರಿ. ವೈರ್ ಬಣ್ಣಗಳು ಕಂಪನಿಯಿಂದ ಕಂಪನಿಗೆ ಬೇರೆ, ನೆನಪಿಟ್ಟುಕೊಳ್ತೀನಿ ಅನ್ನೋದೆಲ್ಲ ಆಗಲ್ಲ. ಆಮೇಲೆ ಕೆಪಾಸಿಟರ್ ಖಾಲಿ ಮಾಡಿ.

ಈಗ ಕಣ್ಣಿಂದ ನೋಡಿ. ಕಡಿದ ವೈರ್, ಕಪ್ಪಾದ ಜಾಯಿಂಟ್, ಉಬ್ಬಿದ ಕೆಪಾಸಿಟರ್, ನೀರಿನ ಕಲೆ, ಇಲಿ ಹಿಕ್ಕೆ. ಇಷ್ಟರಲ್ಲೇ ಕಾರಣ ಸಿಗೋದೂ ಉಂಟು. ಟೈಮರ್, ಲಿಡ್ ಸ್ವಿಚ್ ನೋಡ್ಬೇಕಾದ್ರೆ ಮೇಲಿನ ಪ್ಯಾನೆಲ್‌ನ ಸ್ಕ್ರೂ ತೆಗೆದು ಮೆಲ್ಲಗೆ ಎತ್ತಿ. ಗುಂಡಿಗಳನ್ನ ನೇರ ಮೇಲಕ್ಕೆ ಎಳೆದ್ರೆ ಬರ್ತವೆ.

7. ಒಂದೊಂದೇ ಬಾಗಿಲು ತಟ್ಟೋಣ

ಇಲ್ಲಿಂದ ಎಲ್ಲಾ ಪರೀಕ್ಷೆಯೂ ಪ್ಲಗ್ ತೆಗೆದೇ.

ಲಿಡ್ ಸ್ವಿಚ್: ಒಂದು ವೈರ್ ಬಿಡಿಸಿ, ಮೀಟರ್‌ನ ಬೀಪ್ ಮೋಡ್‌ನಲ್ಲಿಟ್ಟು ಎರಡು ತುದಿಗೆ ಹಿಡೀರಿ. ಮುಚ್ಚಳ ಹಾಕಿದಾಗ ಬೀಪ್ ಬರಬೇಕು, ತೆಗೆದಾಗ ನಿಲ್ಲಬೇಕು. ಬರದಿದ್ರೆ ಪಟ್ಟಿಯ ತುದಿ ಕಪ್ಪಾಗಿದೆಯಾ ನೋಡಿ. ನಯವಾದ ಎಮರಿ ಪೇಪರ್‌ನಿಂದ ಉಜ್ಜಿದ್ರೆ ಸದ್ಯಕ್ಕೆ ಕೆಲಸ ನಡೆಯುತ್ತೆ. ಪಟ್ಟಿ ಬಗ್ಗಿದ್ರೆ, ಮುರಿದಿದ್ರೆ ಹೊಸದು ಹಾಕಿ.

ಟೈಮರ್: ಇದೇ ಪರೀಕ್ಷೆ. ಸೊನ್ನೆಯಲ್ಲಿ ಬೀಪ್ ಇಲ್ಲ, ತಿರುಗಿಸಿದಾಗ ಬೀಪ್. ಕೊಟ್ಟ ಸಮಯ ಮುಗಿದು ತಾನೇ ಸೊನ್ನೆಗೆ ಬರುತ್ತಾ ಅಂತಲೂ ನೋಡಿ. ಕೆಟ್ಟಿದ್ರೆ ಒಳಗಿನ ಹಲ್ಲುಚಕ್ರ ರಿಪೇರಿ ಮಾಡೋ ಸಾಹಸ ಬೇಡ, ಪೂರ್ತಿ ಬದಲಾಯಿಸಿ.

ಕೆಪಾಸಿಟರ್: ಖಾಲಿ ಮಾಡಿ, ವೈರ್ ಬಿಡಿಸಿ, ಮೀಟರ್‌ನಲ್ಲಿ ಅಳೆಯಿರಿ. ಡಬ್ಬಿಯ ಮೇಲೆ ಬೆಲೆ ಮತ್ತು ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಇರಬಹುದು ಅಂತ ಅಚ್ಚಾಗಿರುತ್ತೆ. 5 ಇರಬೇಕಾದ ಕಡೆ 3 ತೋರಿಸಿದ್ರೆ ಕಳ್ಳ ಸಿಕ್ಕಿದ. ಹೊಸದು ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಬಹುದು. "ದೊಡ್ಡದು ಹಾಕಿದ್ರೆ ಇನ್ನೂ ಜೋರಾಗಿ ತಿರುಗುತ್ತೆ" ಅನ್ನೋ ಮಾತು ನಂಬಬೇಡಿ. ಎರಡನೇ ವೈಂಡಿಂಗ್‌ಗೆ ಕರೆಂಟು ಹೆಚ್ಚಾಗಿ ಅದು ಬಿಸಿ ಆಗುತ್ತೆ ಅಷ್ಟೇ. ಕೆಪಾಸಿಟರ್ ಇನ್ನೂರು ರೂಪಾಯಿಯೊಳಗೆ ಸಿಗುತ್ತೆ, ಮೋಟರ್ ಸಾವಿರ ದಾಟುತ್ತೆ. ಇಷ್ಟು ಉದ್ದ ಬರೀತಿರೋದು ಅದಕ್ಕೇ.

ಬ್ರೇಕ್: ಮುಚ್ಚಳ ತೆಗೆದು ಬುಟ್ಟಿಯನ್ನ ಕೈಯಿಂದ ತಿರುಗಿಸಿದ್ರೆ ತಿರುಗಲ್ಲ. ಎಷ್ಟೋ ಜನ ಇದನ್ನೇ "ಮೋಟರ್ ಜಾಮ್" ಅಂದುಕೊಳ್ತಾರೆ. ಮುಚ್ಚಳ ತೆಗೆದಾಗ ಬ್ರೇಕ್ ಬಿದ್ದಿರೋದೇ ಸರಿ! ಹಿಂದಿನಿಂದ ಬ್ರೇಕ್ ಲಿವರ್‌ನ ಕೈಯಲ್ಲಿ ಎಳೆದು ಹಿಡಿದು ಕಪ್ಲಿಂಗ್ ತಿರುಗಿಸಿ, ಆಗ ಸಲೀಸಾಗಿ ತಿರುಗಬೇಕು. ತಿರುಗಿದ್ರೆ, ಮುಚ್ಚಳ ಹಾಕಿ ಪ್ಯಾಡ್ ಡ್ರಮ್ಮಿನಿಂದ ಪೂರ್ತಿ ಬಿಡುತ್ತಾ ನೋಡಿ. ವೈರ್ ಸಡಿಲ ಆಗಿದ್ರೆ ಅರ್ಧ ಮಾತ್ರ ಬಿಡುತ್ತೆ, ಓಡುವಾಗ ಸುಟ್ಟ ರಬ್ಬರ್ ವಾಸನೆ ಬರುತ್ತೆ. ಕೆಲವು ಮೆಷಿನ್‌ಗಳಲ್ಲಿ ಕೊಕ್ಕೆ ಸಿಕ್ಕಿಸೋಕೆ ಎರಡು ಮೂರು ತೂತು ಕೊಟ್ಟಿರ್ತಾರೆ, ಒಂದು ತೂತು ಬಿಗಿ ಮಾಡಿದ್ರೆ ಮುಗೀತು.

ಸಿಕ್ಕಿಕೊಂಡ ಬಟ್ಟೆ: ಲಿವರ್ ಎಳೆದು ಹಿಡಿದರೂ ತಿರುಗದಿದ್ರೆ ಬುಟ್ಟಿ ಮತ್ತು ಹೊರ ಟಬ್ ನಡುವೆ ಟಾರ್ಚ್ ಬಿಟ್ಟು ನೋಡಿ. ಕಾಲುಚೀಲ, ಕರ್ಚೀಫು ಬುಟ್ಟಿಯ ಅಂಚು ದಾಟಿ ಕೆಳಗೆ ಜಾರಿ ಶಾಫ್ಟ್‌ಗೆ ಸುತ್ತಿಕೊಂಡಿರುತ್ತೆ. ಒಬ್ಬರು ಲಿವರ್ ಹಿಡಿದು, ಇನ್ನೊಬ್ಬರು ಬುಟ್ಟಿಯನ್ನ ಹಿಮ್ಮುಖವಾಗಿ ತಿರುಗಿಸುತ್ತಾ ಉದ್ದ ಪ್ಲೇಯರ್‌ನಿಂದ ಎಳೀರಿ. ಬರಲೇ ಇಲ್ಲ ಅಂದ್ರೆ ಕಪ್ಲಿಂಗ್‌ನ ಬೋಲ್ಟ್ ಸಡಿಲಿಸಿ ಬುಟ್ಟಿಯನ್ನ ಮೇಲಿನಿಂದ ಎತ್ತಬೇಕು. ತುಕ್ಕು ಹಿಡಿದಿದ್ರೆ ತುಕ್ಕು ಬಿಡಿಸೋ ಎಣ್ಣೆ ಹಾಕಿ ಕಾಯಿರಿ, ಆದ್ರೆ ಬ್ರೇಕ್ ಪ್ಯಾಡ್‌ಗೆ ಒಂದು ಹನಿಯೂ ತಾಗಬಾರದು. ಬಟ್ಟೆ ಮೇಲೆ ಒತ್ತಿಡೋಕೆ ಒಂದು ಪ್ಲಾಸ್ಟಿಕ್ ತಟ್ಟೆ ಕೊಟ್ಟಿರ್ತಾರಲ್ಲ, ಅದು ಇರೋದೇ ಹೀಗಾಗಬಾರದು ಅಂತ. ನಮ್ಮ ಹಾಸ್ಟೆಲ್‌ನಲ್ಲಿ ಅದು ಎಲ್ಲಿದೆ ಅಂತ ಯಾರಿಗಾದ್ರೂ ಗೊತ್ತಾ?

ಸೀಲ್: ಸೋರುತ್ತಿದ್ರೆ ಬುಟ್ಟಿ ಎತ್ತಿ ಹಳೇ ಸೀಲ್ ತೆಗೆದು ಅದೇ ಅಳತೆಯ ಹೊಸದು ಕೂರಿಸಿ. ಹಳೇದನ್ನ ಅಂಗಡಿಗೆ ಕೊಂಡೊಯ್ಯಿರಿ, ನೋಡೋಕೆ ಒಂದೇ ಥರ ಇರೋವು ಹತ್ತು ಬಗೆ ಇರ್ತವೆ. ಹಾಕಿದ ಮೇಲೆ ಒಂದು ಮಗ್ ನೀರು ಸುರಿದು ಕೆಳಗೆ ಹನಿ ಬೀಳುತ್ತಾ ನೋಡಿ. ನೆನೆದ ಮೋಟರ್ ಚೆನ್ನಾಗಿ ಒಣಗೋ ತನಕ ಆನ್ ಮಾಡ್ಬೇಡಿ.

ಈಗ ಮೋಟರ್: ಇಷ್ಟೂ ಸರಿ ಇದ್ರೆ ಮಾತ್ರ ಇಲ್ಲಿಗೆ ಬನ್ನಿ. ಮೋಟರ್‌ನಿಂದ ಮೂರು ವೈರ್ ಬಂದಿರುತ್ತೆ. ಎರಡೆರಡರ ನಡುವೆ ಓಮ್ ಅಳೆದ್ರೆ ಮೂರು ಸಂಖ್ಯೆ ಸಿಗುತ್ತೆ. ಉದಾಹರಣೆಗೆ 50, 70, 120. ದೊಡ್ಡದು ಉಳಿದೆರಡರ ಮೊತ್ತ. ದೊಡ್ಡ ಸಂಖ್ಯೆ ಕೊಟ್ಟ ಎರಡು ವೈರ್ ಕೆಪಾಸಿಟರ್‌ಗೆ ಹೋಗೋವು, ಉಳಿದ ಮೂರನೇದು ಕಾಮನ್. ಈ ಮೊತ್ತ ಸರಿ ಬಂದ್ರೆ ವೈಂಡಿಂಗ್ ಎಲ್ಲೂ ತುಂಡಾಗಿಲ್ಲ.

ಕಾಮನ್‌ನಿಂದ ಎರಡಕ್ಕೂ ಏನೂ ತೋರಿಸದೆ, ಆ ಎರಡರ ನಡುವೆ ಮಾತ್ರ 120 ತೋರಿಸಿದ್ರೆ? ವೈಂಡಿಂಗ್ ಎರಡೂ ಜೀವಂತ, ಕಾಮನ್ ದಾರಿಯಲ್ಲಿರೋ ಥರ್ಮಲ್ ಫ್ಯೂಸ್ ಕಡಿದಿದೆ. ತಾನೇ ಕೂಡಿಕೊಳ್ಳೋ ಬಗೆಯದಾದ್ರೆ ಮೋಟರ್ ತಣ್ಣಗಾದ ಮೇಲೆ ಸರಿ ಹೋಗುತ್ತೆ, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಆಗಲೂ ತೋರಿಸದಿದ್ರೆ ರಿವೈಂಡಿಂಗ್ ಅಂಗಡಿಯವರು ಅದೇ ಡಿಗ್ರಿಯ ಹೊಸ ಫ್ಯೂಸ್ ಹಾಕಿಕೊಡ್ತಾರೆ. ಬರೀ ವೈರ್ ಸೇರಿಸಿ ಕೊಡಿ ಅಂತ ಮಾತ್ರ ಕೇಳ್ಬೇಡಿ.

ಕೊನೆಗೆ, ಯಾವುದೇ ವೈರ್ ಮತ್ತು ಮೋಟರ್ ಬಾಡಿ ನಡುವೆ ಮೀಟರ್ ಏನೂ ತೋರಿಸಬಾರದು. ತೋರಿಸಿದ್ರೆ ಬಾಡಿಗೆ ಕರೆಂಟು ಬರ್ತಿದೆ ಅಂತ ಅರ್ಥ. ಮೆಷಿನ್ಸ್ ಲ್ಯಾಬ್‌ನಲ್ಲಿ 500 ವೋಲ್ಟ್‌ನ ಮೆಗ್ಗರ್ ಇರುತ್ತೆ, ಕೇಳಿದ್ರೆ ಪರೀಕ್ಷೆ ಮಾಡಿಕೊಡ್ತಾರೆ. ಮೋಟರ್ ನಿಜವಾಗಿ ಹೋಗಿದೆ ಅಂತ ಹೇಳೋ ಹಕ್ಕು ನಮಗೆ ಬರೋದು ಇಲ್ಲಿಗೆ ಬಂದ ಮೇಲೆ.

8. ದಯವಿಟ್ಟು ಇದೊಂದು ಮಾಡ್ಬೇಡಿ

ಲಿಡ್ ಸ್ವಿಚ್ ಕೆಟ್ಟಾಗ ಎರಡು ವೈರ್ ಸೇರಿಸಿ ಟೇಪ್ ಸುತ್ತಿಬಿಡೋದು ತುಂಬಾ ಕಡೆ ನಡೆಯುತ್ತೆ. ಎರಡು ನಿಮಿಷದ ಕೆಲಸ, ಡ್ರೈಯರ್ ತಿರುಗುತ್ತೆ, ಎಲ್ಲರಿಗೂ ಖುಷಿ. ಆದ್ರೆ ಈಗ ಮುಚ್ಚಳ ತೆಗೆದ್ರೂ ಮೋಟರ್‌ಗೆ ಕರೆಂಟು ಹೋಗ್ತಾನೇ ಇರುತ್ತೆ, ಬ್ರೇಕ್ ಒಂದೇ ಅದರ ಜೊತೆ ಗುದ್ದಾಡ್ಬೇಕು. ಪ್ಯಾಡ್ ಸವೆದಿದ್ರೆ ಬುಟ್ಟಿ ನಿಲ್ಲೋದೇ ಇಲ್ಲ.

ಅದು ಎಷ್ಟು ಅಪಾಯ ಅಂತ ಲೆಕ್ಕದಲ್ಲೇ ನೋಡೋಣ. ಬುಟ್ಟಿ ಮತ್ತು ಒದ್ದೆ ಬಟ್ಟೆ ಸೇರಿ 5 ಕೆಜಿ. ಪೂರ್ತಿ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 360 ಜೂಲ್. ಅದೇ 5 ಕೆಜಿ ಏಳು ಮೀಟರ್ ಎತ್ತರದಿಂದ, ಅಂದ್ರೆ ಎರಡನೇ ಮಹಡಿಯಿಂದ ಬಿದ್ದಾಗ ಇರೋ ಶಕ್ತಿ. ಬಟ್ಟೆಯ ತುದಿ ಬೆರಳಿಗೆ ಸುತ್ತಿಕೊಂಡ್ರೆ ಕೈ ಹಿಂದಕ್ಕೆ ಎಳೆದುಕೊಳ್ಳೋಕೆ ಸಮಯವೇ ಸಿಗಲ್ಲ, ಸೆಕೆಂಡಿಗೆ ಇಪ್ಪತ್ತೆರಡು ಸುತ್ತು ಅದು. ಮನೆಯಲ್ಲಿ ಅಮ್ಮ ಅರ್ಜೆಂಟಲ್ಲಿ ಮುಚ್ಚಳ ತೆಗೆದು ಸೀರೆಯ ತುದಿ ಹಿಡಿಯೋರು, ಏನು ತಿರುಗುತ್ತೆ ಅಂತ ಬಗ್ಗಿ ನೋಡೋ ಪುಟ್ಟ ಮಕ್ಕಳು, ಇವರಿಗೆಲ್ಲ ನೀವು ಟೇಪ್ ಸುತ್ತಿದ್ದು ಗೊತ್ತಿರಲ್ಲ. ರಿಪೇರಿ ಅಂದ್ರೆ ತಿರುಗೋ ಹಾಗೆ ಮಾಡೋದರ ಜೊತೆಗೆ ನಿಲ್ಲಬೇಕಾದಾಗ ನಿಲ್ಲೋ ಹಾಗೂ ಮಾಡೋದು. ಹಳೇ ಮೆಷಿನ್‌ನಲ್ಲಿ ಯಾರಾದ್ರೂ ಹೀಗೆ ಶಾರ್ಟ್ ಮಾಡಿಟ್ಟಿದ್ದು ಕಂಡ್ರೆ ಮೊದಲು ಅದನ್ನ ಸರಿ ಮಾಡಿ, ಆಮೇಲೆ ಉಳಿದದ್ದು.

9. ಮತ್ತೆ ಜೋಡಿಸಿ ನೋಡೋದು

ಫೋಟೋ ನೋಡಿಕೊಂಡು ವೈರ್ ಸೇರಿಸಿ. ಜಾಯಿಂಟ್‌ಗಳು ಗಟ್ಟಿ ಇರಲಿ, ನೀರು ಬೀಳೋ ಜಾಗದಿಂದ ಮೇಲೆ ಕಟ್ಟಿರಲಿ. ಅರ್ಥ್ ವೈರ್ ಬಿಚ್ಚಿದ್ದಿದ್ರೆ ಮರೆಯದೆ ಹಾಕಿ. ಬಟ್ಟಲಿನಲ್ಲಿ ಒಂದು ಸ್ಕ್ರೂ ಉಳಿದ್ರೆ "ಎಕ್ಸ್‌ಟ್ರಾ ಕೊಟ್ಟಿದ್ರು" ಅನ್ನೋ ಜೋಕ್ ಬೇಡ, ಎಲ್ಲಿಯದು ಅಂತ ಹುಡುಕಿ. ಹಿಂದಿನ ಕವರ್ ಪೂರ್ತಿ ಹಾಕಿದ ಮೇಲೇ ಪ್ಲಗ್ ಹಾಕಿ.

ಮೊದಲು ಖಾಲಿ ಬುಟ್ಟಿ ಒಂದು ನಿಮಿಷ. ಆಮೇಲೆ ಎರಡು ಒದ್ದೆ ಟವೆಲ್ ಸಮನಾಗಿ ಹಾಕಿ. ಪೂರ್ತಿ ವೇಗ ಬಂದ ಮೇಲೆ ಮುಚ್ಚಳ ಎತ್ತಿ, ಕೈ ದೂರ ಇಟ್ಟು ನೋಡಿ. ಮೋಟರ್ ತಕ್ಷಣ ಆಫ್ ಆಗಿ ಬುಟ್ಟಿ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ನಿಧಾನಕ್ಕೆ ನಿಂತ್ರೆ ಬ್ರೇಕ್ ಪ್ಯಾಡ್ ಸವೆದಿದೆ ಅಥವಾ ಎಣ್ಣೆ ತಾಗಿದೆ, ಬದಲಾಯಿಸಿ. ಈ ಪರೀಕ್ಷೆ ಪಾಸಾಗದೆ ಮೆಷಿನ್‌ನ ಯಾರಿಗೂ ಬಿಟ್ಟುಕೊಡ್ಬೇಡಿ.

ಮುಟ್ಟಿದಾಗ ಸಣ್ಣಗೆ ಜುಮ್ ಅಂದ್ರೆ, ವೈಂಡಿಂಗ್ ಬಾಡಿಗೆ ತಾಗಿದ್ರೆ, ಆನ್ ಮಾಡಿದ ಕೂಡಲೇ ಟ್ರಿಪ್ ಆದ್ರೆ ಅಲ್ಲಿಗೆ ನಿಲ್ಲಿಸಿ, ತಿಳಿದವರನ್ನ ಕರೆಸಿ. ಕರೆಸುವಾಗ "ಡ್ರೈಯರ್ ಕೆಟ್ಟಿದೆ" ಅನ್ನೋ ಬದಲು "ಗುಂಯ್ ಅನ್ನುತ್ತೆ, ಬ್ರೇಕ್ ಬಿಡ್ತಿದೆ, ಕೆಪಾಸಿಟರ್ 5 ಇರೋದು 4.9 ತೋರಿಸ್ತಿದೆ" ಅಂತ ಹೇಳಿ ನೋಡಿ. ಬರೋ ಅಣ್ಣನೂ ನಿಮ್ಮ ಜೊತೆ ಬೇರೆ ರೀತಿಯಲ್ಲೇ ಮಾತಾಡ್ತಾರೆ, ಬೇಡದ ಮೋಟರ್‌ಗೆ ದುಡ್ಡು ಕೊಡೋದೂ ತಪ್ಪುತ್ತೆ.

ನಿಮ್ಮ ಹಾಸ್ಟೆಲ್ ಬ್ಲಾಕ್‌ನಲ್ಲಿ ನಿಂತುಹೋದ ಮೆಷಿನ್ ಇದ್ರೆ ಕನ್ನಡ ಸಂಘದ ಗ್ರೂಪ್‌ನಲ್ಲಿ ಹಾಕಿ. ವಾರ್ಡನ್ ಒಪ್ಪಿದ್ರೆ ಒಂದು ಭಾನುವಾರ ಸೇರಿಕೊಂಡು ಬಿಚ್ಚೋಣ. ಮೀಟರ್ ನನ್ನ ಹತ್ರ ಇದೆ, 10ರ ಸ್ಪ್ಯಾನರ್ ಯಾರಾದ್ರೂ ತನ್ನಿ.